ಎರಡೂ ಕೈ ಎತ್ತಿದರೆ

ನಮ್ಮ ಸೋದರತ್ತೆಗೆ ಆ ದಿನ ಸಿಟ್ಟು ಬರುತ್ತದೋ ಇಲ್ಲವೋ ಎಂಬುದು ಬೆಳಿಗ್ಗೆಯೇ ತೀರ್ಮಾನವಾಗಿರುತ್ತಿತ್ತು! ಜ್ಯೋತಿಷ್ಯವಲ್ಲ, ಹುಬ್ಬು. ಆಗ ಅವರಿಗೆ ಹುಬ್ಬುಗಳೇ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ಕಾಡಿಗೆಯಿಂದ ದಿನಕ್ಕೊಂದು ಜೊತೆ ಬರೆದುಕೊಳ್ಳುತ್ತಿದ್ದರು. ತುಂಟರಿರುವ ಎಂಟನೇ ತರಗತಿಗೆ ಸಿಟ್ಟಿನ ಹುಬ್ಬು, ಚಿಕ್ಕ ಮಕ್ಕಳಿಗೆ ಕಮಾನಿನಂಥ ಆಶ್ಚರ್ಯದ ಹುಬ್ಬು. ಒಮ್ಮೆ ಹೊತ್ತಾಯಿತೆಂದು ಆಶ್ಚರ್ಯದ ಹುಬ್ಬಿನಲ್ಲೇ ಸಾವಿನ ಮನೆಗೆ ಹೋಗಿ ಬಂದರು. ತೀರಿಕೊಂಡವರಿಗೆ ತೊಂಬತ್ತು ದಾಟಿತ್ತು. ಅದರಲ್ಲಿ ಅಷ್ಟು ಆಶ್ಚರ್ಯಪಡುವಂಥದ್ದು ಏನಿತ್ತು ಎಂದು ಆ ಮನೆಯವರು ಇವತ್ತಿಗೂ ಕೇಳುತ್ತಾರೆ!

ಹುಬ್ಬುಗಳು ಎಲ್ಲಿ ಹೋದವು? ಅದನ್ನೇ ಹೇಳಲು ಹೊರಟಿದ್ದೇನೆ. ನಗುತ್ತಲೇ ಹೇಳುತ್ತೇನೆ. ನಡುವೆ ಎಲ್ಲಾದರೂ ನನ್ನ ದನಿ ನಡುಗಿದರೆ ನೀವು ಕೇಳಿಯೂ ಕೇಳದಂತಿರಬೇಕು.

ಅತ್ತೆ ಕಲಬುರಗಿಯವರು. ಮಾವ ರೈಲ್ವೆ ಗಾರ್ಡ್ ಆದ್ದರಿಂದ ಮನೆ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ. ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಅವರು ಚಿತ್ರಕಲೆಯ ಟೀಚರ್. ನಾನು ಎಂ.ಸಿ.ಎ. ಮುಗಿಸಿ, ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಜಾವಾ ಕಲಿಸುತ್ತ ಅವರ ಮನೆಯಲ್ಲೇ ಇದ್ದೆ. ಆಗಿನ ಹೈದರಾಬಾದಿನಲ್ಲಿ ಗೋಡೆ ಇರುವುದೇ ಜಾವಾ ಕೋರ್ಸಿನ ಪೋಸ್ಟರ್ ಅಂಟಿಸಲಿಕ್ಕೆ!

ಬೋರ್ಡಿನ ಮೇಲೆ ಬದನೆಕಾಯಿ ಬರೆದು "ಇದನ್ನು ನೋಡಿ ಬರೀರಿ" ಎನ್ನುವ ಜಾತಿಯವರಲ್ಲ ಅತ್ತೆ. ಮಕ್ಕಳ ಕಣ್ಣಿಗೆ ಕರವಸ್ತ್ರ ಕಟ್ಟಿ, ಕೈಗೆ ನಿಜವಾದ ಬದನೆಕಾಯಿ ಕೊಟ್ಟು, ಸವರಿಸಿ, ಆಮೇಲೆ ಬರೆಸುತ್ತಿದ್ದರು. ಇಡೀ ತರಗತಿ ಸವರಿದ ಬದನೆಕಾಯಿ ಸಂಜೆ ನಮ್ಮ ಮನೆಯಲ್ಲಿ ಎಣ್ಣೆಗಾಯಿ ಆಗುತ್ತಿತ್ತು. ಮಾವ ತಟ್ಟೆಯ ಮುಂದೆ ಕೂತು ಪಲ್ಯ ಯಾವುದೆಂದು ಕೇಳುತ್ತಲೇ ಇರಲಿಲ್ಲ.

"ಇವತ್ತ ಯಾವ ಕ್ಲಾಸಿನ ಪಾಠಾನs ಇದು?"

"ಆರನೇತ್ತಾದ್ದು. ಸುಮ್ನ ಉಣ್ರಿ."

"ಹೋದ ವಾರ ಬಟಾಟಿ ಭಾಜಿಯೊಳಗ ನವಿಲು ಬಂದಿತ್ತಲ್ಲs?"

"ಅಚ್ಚು ಕೆತ್ತಿದ್ದ ಬಟಾಟಿ ಅದು. ಬಣ್ಣ ತೊಳದೇ ಹಾಕೀನಿ. ನವಿಲು ತಿಂದ್ರ ಏನ್ ಹಾರಿ ಹೋಗ್ತೀರೇನು?"

ಅತ್ತೆಯ ತರಗತಿಗೆ ಎರಡು ಕಾನೂನುಗಳಿದ್ದವು. ಮೊದಲನೆಯದು ಅವರಿಗೇ: ಮಕ್ಕಳ ಮೈಗೆ ಏನು ಹಚ್ಚುವುದಿದ್ದರೂ ಮೊದಲು ತಮ್ಮ ಮೈಗೆ ಹಚ್ಚಿಕೊಳ್ಳಬೇಕು. ಎರಡನೆಯದು ಮಕ್ಕಳಿಗೆ. ಕತ್ತರಿ, ಚಾಕು, ಸುತ್ತಿಗೆಗಳು ಓಡಾಡುವ ತರಗತಿಯಲ್ಲವೇ? ಟೀಚರ್ ಒಂದು ಕೈ ಎತ್ತಿದರೆ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಎರಡೂ ಕೈ ಎತ್ತಿದರೆ ಉಸಿರಿನ ಸದ್ದೂ ಕೇಳಿಸಬಾರದು. ಈ ಎರಡನೆಯ ಕಾನೂನನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಇಂಥ ಸುಖದ ಕಾಲದಲ್ಲಿ ಶಾಲೆಯ ಮಾಲೀಕರಿಗೆ ಕಂಪ್ಯೂಟರ್ ಲ್ಯಾಬಿನ ಕನಸು ಬಿತ್ತು. ಅವರನ್ನು ಎಲ್ಲರೂ ಕರೆಸ್ಪಾಂಡೆಂಟ್ ಸಾರ್ ಎನ್ನುತ್ತಿದ್ದರು. ಲ್ಯಾಬಿಗೆ ಅವರು ಆರಿಸಿದ್ದು ಅತ್ತೆಯ ಚಿತ್ರಕಲೆಯ ಕೋಣೆಯನ್ನೇ. ಶನಿವಾರ ಪೋಷಕರ ಸಭೆ. ಅವರಿಗೆ ಮಕ್ಕಳ ಕೆಲಸ ಹಿಡಿಸಿದರೆ ಕೋಣೆ ಉಳಿಯುತ್ತದೆ, ಇಲ್ಲವಾದರೆ ಡ್ರಾಯಿಂಗ್ ಪೀರಿಯಡ್ಡೇ ರದ್ದು ಎಂದುಬಿಟ್ಟರು.

"ನಿನ್ನ ಮಂದೀನೇ ನನ್ನ ಖೋಲಿ ಮ್ಯಾಲೆ ಕಣ್ಣು ಹಾಕ್ಯಾರ ನೋಡು," ಎಂದು ಅತ್ತೆ ನನ್ನನ್ನು ದಿಟ್ಟಿಸಿದರು, ಜಾವಾ ಕಂಡುಹಿಡಿದವಳು ನಾನೇ ಎಂಬಂತೆ! "ಶನಿವಾರದೊಳಗ ಒಂಬತ್ತನೇತ್ತಾದ ಒಬ್ಬೊಬ್ಬರ ಮುಖಾನೂ ಅಚ್ಚು ತಗದು ಗ್ವಾಡಿಗೆ ಸಾಲಾಗಿ ಹಚ್ತೀನಿ. ತಮ್ಮ ಮಕ್ಕಳ ಮುಖ ನೋಡಿ ಬ್ಯಾಡ ಅನ್ನೋ ತಾಯಿ ಯಾರದಾಳ? ನೀ ಒಂದಿನ ರಜಾ ಹಾಕು, ಪ್ಲಾಸ್ಟರ್ ಕಲಸಾಕ ಬಾ."

ಕಾನೂನಿನ ಪ್ರಕಾರ ಮೊದಲ ಮುಖ ಅವರದೇ. ಮೇಜಿನ ಮೇಲೆ ಅಂಗಾತ ಮಲಗಿದರು. ಮುಖಕ್ಕೆಲ್ಲ ಕೊಬ್ಬರಿ ಎಣ್ಣೆ, ಹುಬ್ಬು ಬಿಟ್ಟು.

"ಅತ್ತಿ, ಹುಬ್ಬಿಗೆ ಎಣ್ಣಿ?"

"ಎಣ್ಣಿ ಹಚ್ಚಿದ್ರ ಕೂದಲು ಅಂಟ್ಕೊಂಡು ಮುದ್ದಿ ಆಗ್ತಾವ. ನನಗ ಒಂದೊಂದು ಕೂದಲೂ ಬ್ಯಾರೆ ಕಾಣಬೇಕು."

ಮೂಗಿನ ಹೊಳ್ಳೆಗಳಲ್ಲಿ ಎರಡು ಸ್ಟ್ರಾ ಇಟ್ಟೆವು. ಪ್ಲಾಸ್ಟರಿನಲ್ಲಿ ಅದ್ದಿದ ಬ್ಯಾಂಡೇಜ್ ಬಟ್ಟೆಯ ಪಟ್ಟಿಗಳನ್ನು ಮಕ್ಕಳು ಗದ್ದದಿಂದ ಶುರುಮಾಡಿ ಬಾಯಿ, ಕೆನ್ನೆ, ಮುಚ್ಚಿದ ಕಣ್ಣು, ಹಣೆ ಎಂದು ಹಚ್ಚುತ್ತ ಹೋದರು. ಅತ್ತೆ ಮಾಯವಾಗಿ ಬಿಳಿ ಗುಡ್ಡವೊಂದು ಉಳಿಯಿತು. ಗುಡ್ಡದ ಮೇಲೆ ಎರಡು ಸ್ಟ್ರಾ. ಮಕ್ಕಳು ಕಿಸಕಿಸ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆಗ ಅತ್ತೆ ಒಂದು ಕೈ ಎತ್ತಿದರು.

ನಗು ನಿಂತಿತು. ಎಲ್ಲರೂ ಇದ್ದಲ್ಲೇ ಕಲ್ಲಾದರು. ಎಂಥ ಶಿಸ್ತು! ಎಂದುಕೊಂಡೆ. ಒಂದು ಹೆಜ್ಜೆ ಮುಂದಿಟ್ಟಾಗ ಪಕ್ಕದ ಹುಡುಗಿ ನನ್ನ ತೋಳು ಹಿಡಿದು, "ಶ್! ಟೀಚರ್ ಹಾಥ್ ಉಠಾಯೇ!" ಎಂದು ಪಿಸುಗುಟ್ಟಿದಳು.

ಅತ್ತೆ ಎರಡನೆಯ ಕೈಯನ್ನೂ ಎತ್ತಿದರು. ಇಡೀ ತರಗತಿ ಉಸಿರು ಬಿಗಿಹಿಡಿಯಿತು.

ಸ್ಟ್ರಾ ಒಂದು ಬಾಗಿತ್ತು, ಇನ್ನೊಂದರೊಳಗೆ ಪ್ಲಾಸ್ಟರ್ ಇಳಿದಿತ್ತು ಎಂಬುದು ನಮಗೆ ಗೊತ್ತಾದದ್ದು ಆಮೇಲೆ. ಒಳಗೆ ಅವರಿಗೆ ಉಸಿರಿಲ್ಲ. ಹೊರಗೆ ನಾವು ವಿಧೇಯರಾಗಿ ಉಸಿರು ಹಿಡಿದಿದ್ದೇವೆ! ಕೈಗಳು ಗಾಳಿಯಲ್ಲಿ ಬೀಸಿದಷ್ಟೂ ಕೋಣೆಯಲ್ಲಿ ಮೌನ ಗಟ್ಟಿಯಾಯಿತು. ಆ ಮೌನ ಎಷ್ಟು ಹೊತ್ತಿನದು ಎಂದು ಕೇಳಬೇಡಿ. ನನ್ನ ತಲೆಯೊಳಗೆ ಅದು ಇನ್ನೂ ಮುಗಿದಿಲ್ಲ. ತರಕಾರಿ ಹೆಚ್ಚುವಾಗ, ಸಿಗ್ನಲ್‌ನಲ್ಲಿ ನಿಂತಾಗ, ಆ ಎರಡು ಕೈಗಳು ಸುಮ್ಮನೆ ಮೇಲೇಳುತ್ತವೆ.

ಅಷ್ಟರಲ್ಲಿ ಬಾಗಿಲು ದಡಾರೆಂದಿತು. ಲ್ಯಾಬಿಗೆ ಅಳತೆ ತೆಗೆಯಲು ಟೇಪು ಹಿಡಿದು ಕರೆಸ್ಪಾಂಡೆಂಟ್ ಸಾರ್ ಬಂದಿದ್ದರು. ಒಂದು ದಿನವೂ ಡ್ರಾಯಿಂಗ್ ಕ್ಲಾಸಿನಲ್ಲಿ ನಿಂತವರಲ್ಲ, ಅಲ್ಲಿನ ಕಾನೂನು ಅವರಿಗೆ ಗೊತ್ತಿಲ್ಲ. ಪುಣ್ಯ! ಒದ್ದಾಡುವ ಕಾಲುಗಳನ್ನು ಕಂಡವರೇ "ಅಯ್ಯೋ ದೇವುಡಾ!" ಎಂದು ಕೂಗಿ, ಟೇಪು ಎಸೆದು, ಗದ್ದದ ಕೆಳಗೆ ಬೆರಳು ತೂರಿಸಿ ಎಳೆದರು. ಚರ್ರೆಂದಿತು. ಅತ್ತೆಯ ಮುಖ ಈಚೆ ಬಂತು. ಹುಬ್ಬುಗಳು ಪ್ಲಾಸ್ಟರಿನಲ್ಲೇ ಉಳಿದವು.

ಅತ್ತೆ ಕೆಮ್ಮಿ ಕೆಮ್ಮಿ ಉಸಿರೆಳೆದುಕೊಂಡರು. ಮೊದಲ ಮಾತು ಏನು ಗೊತ್ತೇ?

"ಜರಾ ತಡೀಬಾರದಾಗಿತ್ತೇನ್ರಿ? ಇನ್ನಾ ಒಣಗಿದ್ದಿಲ್ಲ!"

ಕರೆಸ್ಪಾಂಡೆಂಟ್ ಸಾರ್ ನೆಲದ ಮೇಲೆ ಕುಸಿದು ಕೂತರು. ಕೈಗೆ ಸಿಕ್ಕ ಮಗ್ಗನ್ನು ಎತ್ತಿ ಗಟಗಟ ನೀರು ಕುಡಿದರು. ಕುಂಚ ತೊಳೆದ ಹಸಿರು ನೀರು ಅದು. ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಶನಿವಾರ ಗೋಡೆಯ ಮೇಲೆ ಒಂದು ಮುಖವೂ ಇರಲಿಲ್ಲ. ಪೋಷಕರು ಕಂಪ್ಯೂಟರ್ ಎಲ್ಲಿಡುತ್ತೀರಿ ಎಂದೇ ಕೇಳಿದರು. ಕರೆಸ್ಪಾಂಡೆಂಟ್ ಸಾರ್ ತಮ್ಮ ಆಫೀಸನ್ನೇ ಬಿಟ್ಟುಕೊಟ್ಟು, ಮೆಟ್ಟಿಲ ಕೆಳಗಿನ ಗೂಡಿಗೆ ಕುರ್ಚಿ ಸಾಗಿಸಿದರು. "ಆ ಕೋಣೆಯಲ್ಲಿ ಮತ್ತೆ ಟೇಪು ಹಿಡಿಯುವುದು ನಾ ವಲ್ಲ ಕಾದಮ್ಮಾ, ನನ್ನಿಂದಾಗದು," ಎಂದರಂತೆ. ಚಿತ್ರಕಲೆ ಉಳಿಯಿತು. ಮುಖದ ಅಚ್ಚು ನಿಂತಿತು. ಎರಡನೆಯ ಕಾನೂನೂ ಬದಲಾಯಿತು: ಟೀಚರ್ ಎರಡೂ ಕೈ ಎತ್ತಿದರೆ, ಯಾರು ಎಲ್ಲೇ ಇರಲಿ, ಓಡಿ ಬರಬೇಕು.

ತಿಂಗಳಾದ ಮೇಲೆ ಒಂದು ಸಂಜೆ ಮಲ್ಕಾಜ್‌ಗಿರಿ ಸ್ಟೇಷನ್ ರಸ್ತೆಯಲ್ಲಿ ಅತ್ತೆಯೂ ನಾನೂ ಆಟೋಗೆ ಕಾಯುತ್ತಿದ್ದೆವು. ಅವತ್ತು ಅವರದು ಸಿಟ್ಟಿನ ಹುಬ್ಬು. ದೂರದಲ್ಲೊಂದು ಖಾಲಿ ಆಟೋ ಕಂಡಿತು. ಎರಡೂ ಕೈಯಲ್ಲಿ ಚೀಲ. ಚೀಲಗಳ ಸಮೇತ ಎರಡೂ ಕೈ ಎತ್ತಿದರು.

ಅದೇ ಹೊತ್ತಿಗೆ ಮಿರ್ಚಿ ಬಜ್ಜಿಯ ಬಂಡಿಯಿಂದ, ಟ್ಯೂಷನ್ ಮೆಟ್ಟಿಲಿಂದ, ಪುಸ್ತಕದಂಗಡಿಯಿಂದ ಮಕ್ಕಳು ಓಡಿಬಂದರು. "ಟೀಚರ್! ಟೀಚರ್!" ಈ ಗಲಾಟೆ ಕಂಡು ಆಟೋದವನು ತಿರುಗಿಸಿಕೊಂಡು ಪರಾರಿ!

"ಲೇ, ನಾ ಆಟೋ ಕರದಿದ್ದೆ! ನಿಮ್ಮನ್ನ ಯಾರು ಕರದಿದ್ರು?"

ಯಾರೂ ಕದಲಲಿಲ್ಲ. ಯಾದಗಿರಿ ಕಡೆಯ ಗಾರೆಯವರ ಮಗಳೊಬ್ಬಳು ತುದಿಗಾಲಲ್ಲಿ ನಿಂತು, ಅತ್ತೆಯ ಮೂಗಿನ ಕೆಳಗೆ ತನ್ನ ಬೆರಳಿಟ್ಟಳು.

"ಉಸಿರು ಬರಾಕತ್ತೈತೇನ್ರಿ ಟೀಚರ್?"

ಅತ್ತೆ ಚೀಲ ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ಬೆಳಿಗ್ಗೆ ಬರೆದ ಸಿಟ್ಟು ಪೂರಾ ಸೆರಗಿಗೆ ಹತ್ತಿತು. ಹುಡುಗಿ ಬೆರಳು ತೆಗೆಯಲಿಲ್ಲ.

"ಬರಾಕತ್ತೈತಿ ಯವ್ವಾ," ಎಂದರು ಅತ್ತೆ. "ಭಾಳ ಚಲೋ ಬರಾಕತ್ತೈತಿ."