ಗಜೇಂದ್ರಗಡದ ಮೂಕ ಕಂಪ್ಯೂಟರು

ಮಷೀನು ತಾನಾಗಿ ಕೆಡುವುದು ವರ್ಷಕ್ಕೊಮ್ಮೆ, ಮಂದಿ ಅದನ್ನು ಕೆಡಿಸುವುದು ವಾರಕ್ಕೆರಡು ಸಲ. ರೋಣದ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡು ಕೂತ ಹೆಂಗಸು ನಾನು. ಮೊದಲು ಟೈಪಿಂಗ್ ಕ್ಲಾಸು ನಡೆಸುತ್ತಿದ್ದೆ, ಹಾಗಾಗಿ ಗುರುತಿನವರಿಗೆಲ್ಲ ನಾನು ‘ಅಕ್ಕಾರು’. ಹೊಸಬರು ಮಾತ್ರ ಇವತ್ತಿಗೂ, ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೂ, ಬಾಗಿಲಲ್ಲಿ ನಿಂತು “ರಿಪೇರಿ ಮಾಡಾವ್ರು ಎಲ್ಲಿ ಹೋಗ್ಯಾರ್ರಿ?” ಎಂದು ಕೇಳುತ್ತಾರೆ. “ನಾನ ರೀ” ಎಂದರೆ “ಅಲ್ರಿ, ಯಜಮಾನ್ರು?” ಎನ್ನುತ್ತಾರೆ. ಯಜಮಾನರು ಮೆಣಸಗಿಯಲ್ಲಿ ಸಾಲಿ ಮಾಸ್ತರು. ಅವರ ಕೈಗೆ ಬಲ್ಬು ಕೊಟ್ಟರೆ ಓಣಿಯ ಫ್ಯೂಸು ಹೋಗುತ್ತದೆ.

ಇಂಥವರನ್ನೆಲ್ಲ ಸಹಿಸಿದ ನನ್ನನ್ನು ಈ ವರ್ಷ ನಿಜವಾಗಿ ಅರೆದು ಹಾಕಿದ್ದು ಒಬ್ಬರೇ ಗಿರಾಕಿ. ಗಜೇಂದ್ರಗಡದಲ್ಲಿ ಸೀರೆ ಅಂಗಡಿ ಇಟ್ಟಿರುವ ಸಾವ್ಕಾರರು. ಅವರ ಮನೆಯಲ್ಲಿ ಒಂದು ಹಳೇ ಕಾಲದ ಕಂಪ್ಯೂಟರ್ ಇದೆ. ಬೆಳ್ಳಗಿದ್ದದ್ದು ಈಗ ಮಾಗಿದ ಬಾಳೆಹಣ್ಣಿನ ಬಣ್ಣಕ್ಕೆ ಬಂದಿದೆ. ಅದರಲ್ಲಿ ಅವರು ಹರೆಯದಲ್ಲಿ ಆಡುತ್ತಿದ್ದ ಕಾರ್ ರೇಸಿನ ಆಟವೊಂದಿದೆ, ಆ ಆಟದ ಸ್ಕೋರಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಅವರ ಹೆಸರಿದೆ. ಅವರ ಮಟ್ಟಿಗೆ ಅದು ತಾಮ್ರಶಾಸನ.

ಈ ಬೇಸಿಗೆಯಲ್ಲಿ ಮಗಳನ್ನು ನರಗುಂದಕ್ಕೆ ಕೊಟ್ಟರು. ಮದುವೆ ಊಟದ ಪಂಕ್ತಿಯಲ್ಲಿ ಮಾತಿಗೆ ಮಾತು ಬಂದು, ನರಗುಂದದ ಬೀಗರೂ ಅದೇ ಆಟದ ಹಳೇ ಹುಲಿ ಎಂದು ಗೊತ್ತಾಯಿತು. “ಮೊದಲ ದೀಪಾವಳಿಗೆ ನಿಮ್ಮ ಅಳಿಯನ ಕೂಡ ನಾನೂ ಬರತೇನಿ, ನಿಮ್ಮ ಹೆಸರು ಕೆಳಗ ಇಳಿಸೇ ಹೋಗತೇನಿ” ಎಂದರು ಬೀಗರು. ಸಾವ್ಕಾರರು ಹೋಳಿಗೆ ಕೈಯಲ್ಲಿ ಹಿಡಿದೇ “ಬರ್ರಿ” ಎಂದರು. ಮನೆಗೆ ಹೋಗಿ ಕಂಪ್ಯೂಟರ್ ಹಚ್ಚಿದರೆ ಆವಾಜೇ ಇಲ್ಲ. ಅಲ್ಲಿಂದ ನನ್ನ ಗ್ರಹಚಾರ ಸುರುವಾಯಿತು.

೧. ಆವಾಜಿನ ಡಬ್ಬಿ

ಮೊದಲ ಸಲ ಅವರು ಬಂದದ್ದು ಸೀರೆಯ ಚೀಲ ಹಿಡಿದು. ಚೀಲದಲ್ಲಿ ಎರಡು ಸ್ಪೀಕರ್, ಬೇರೇನೂ ಇಲ್ಲ.

“ಕಂಪ್ಯೂಟರ್ ಎಲ್ರಿ, ಸಾವ್ಕಾರ್ರ?”

“ಮನ್ಯಾಗ ಐತ್ರಿ. ಅದಕ್ಕೇನಾಗೈತಿ? ಚಿತ್ರ ಚಲೋ ಬರತಾವು. ಆವಾಜ ಬರವಲ್ದು. ಅದಕ್ಕ ಆವಾಜಿನ ಡಬ್ಬಿ ಅಷ್ಟ ತಂದೇನಿ.”

“ಹಂಗಲ್ರಿ. ಆವಾಜ ಹುಟ್ಟೂದು ಕಂಪ್ಯೂಟರಿನ್ಯಾಗ. ಇವು ಬರೇ ಒದರತಾವು.”

“ಒದರವಲ್ವು ಅಂತನ ತಂದೇನ್ರಿ.”

ವಾದ ಬೇಡವೆಂದು ಸ್ಪೀಕರನ್ನು ನನ್ನ ಮೊಬೈಲಿಗೆ ಜೋಡಿಸಿ ಹಚ್ಚಿದೆ. ಅಂಗಡಿಯೆಲ್ಲ ಗದ್ದಲವಾಯಿತು. “ನೋಡ್ರಿ, ಇವಕ್ಕ ಏನೂ ಆಗಿಲ್ಲ. ತೊಂದರಿ ಇರೂದು…” ಎಂದು ನಾನು ತಿಳಿಸಿ ಹೇಳುವಷ್ಟರಲ್ಲಿ ಅವರು ಸ್ಪೀಕರನ್ನು ಚೀಲಕ್ಕೆ ತುಂಬಿ ಎದ್ದೇಬಿಟ್ಟಿದ್ದರು. “ಶಾಬಾಸ್ ಅಕ್ಕಾರ! ಎರಡ ಮಿನಿಟಿನ್ಯಾಗ ರಿಪೇರಿ ಮಾಡಿದ್ರಿ!” ಎಂದು ಓಡಿ ಹೋಗಿ ಬಸ್ಸು ಹಿಡಿದರು.

ಸಂಜೆ ಫೋನು ಬಂತು.

“ಅಕ್ಕಾರ, ನಿಮ್ಮ ಅಂಗಡ್ಯಾಗ ಅಷ್ಟ ಒದರಿದ್ವು, ಇಲ್ಲಿ ಬಂದು ಮತ್ತ ಬಾಯಿ ಮುಚ್ಯಾವು. ಒಂದ ಮಾತು ಖರೇ ಹೇಳ್ರಿ, ನಿಮ್ಮ ರೋಣದ ಕರೆಂಟು ನಮ್ಮೂರಿನಕಿಂತ ಚಲೋ ಐತೇನು?”

೨. ಮೂರು ತೂತು

ಕೊನೆಗೆ ನಾನೇ ಗಜೇಂದ್ರಗಡಕ್ಕೆ ಹೋದೆ. ಮದುವೆಗೆ ಮನೆಗೆ ಬಣ್ಣ ಹಚ್ಚುವಾಗ ಕಂಪ್ಯೂಟರಿನ ವೈರೆಲ್ಲ ಬಿಚ್ಚಿ, ಆಮೇಲೆ ಅಂದಾಜಿನ ಮೇಲೆ ಸಿಕ್ಕಿಸಿದ್ದರು. ಕಂಪ್ಯೂಟರ್ ಡಬ್ಬಿಯ ಹಿಂದೆ ಆವಾಜಿಗೆ ಸಂಬಂಧಪಟ್ಟ ಮೂರು ತೂತು ಇರುತ್ತವೆ. ಒಂದು ಹಸಿರು, ಒಂದು ಗುಲಾಬಿ, ಒಂದು ನೀಲಿ. ಸ್ಪೀಕರಿನದು ಹಸಿರು ತೂತು, ಕೂಸಿಗೂ ತಿಳಿಯುವಂಥದ್ದು. ಬಗ್ಗಿ ನೋಡುತ್ತೇನೆ, ಮೂರೂ ಕೆಂಪು!

“ಇದ್ಯಾರ್ರಿ ಬಣ್ಣ ಹಚ್ಚಿದವ್ರು?”

“ಬಣ್ಣ ಅಲ್ಲವಾ, ಕುಂಕುಮ” ಎಂದರು ಒಳಗಿನಿಂದ ಬಂದ ಅಜ್ಜಿ. ಸಾವ್ಕಾರರ ತಾಯಿ. ಎಂಬತ್ತು ದಾಟಿದ್ದರೂ ನಡು ಇನ್ನೂ ನೆಟ್ಟಗಿದೆ. “ಪ್ರತಿ ಅಮಾಸಿಗೆ ಹಚ್ಚತೇನಿ. ಮುಂದ ಹಚ್ಚಿದ್ರ ಇವ ಬೈತಾನ, ಅದಕ್ಕ ಹಿಂದ ಹಚ್ಚತೇನಿ.”

ಹಳೇ ಅರಿವೆ ತೆಗೆದುಕೊಂಡು ಉಜ್ಜಿದೆ. ಎಷ್ಟು ಅಮಾವಾಸ್ಯೆಯ ಕುಂಕುಮವೋ ಏನೋ, ಪದರು ಪದರಾಗಿ ಬಂತು. ಅಡಿಯಲ್ಲಿ ಹಸಿರು ಕಂಡಿತು. ವೈರನ್ನು ಗುಲಾಬಿಯಿಂದ ಕಿತ್ತು ಅಲ್ಲಿಗೆ ಹಾಕಿದ ಕೂಡಲೇ ಕಾರು ಗುರ್ರೆಂದಿತು. ಸಾವ್ಕಾರರ ಮುಖ ಅರಳಿತು. ಕೂಡಲೇ ಕೂತು ಒಂದು ಸುತ್ತು ಆಡಿ ತೋರಿಸಿದರು.

“ನೋಡ್ರಿ, ನಾ ಗೇರ್ ಹಾಕೂದು ಕಣ್ಣಿಲೆ ಅಲ್ಲ, ಕಿವಿಲೆ. ಇಂಜಿನ್ನು ಒದರಿದ ಕೂಡಲೆ ಗೇರ್ ಬದಲಿ. ಆವಾಜ ಇಲ್ಲಂದ್ರ ನಾ ಬೀಗರ ಮುಂದ ಕುರುಡ.”

ಹೋಗುವ ಮುಂದೆ ಅಜ್ಜಿಗೆ ನಾಲ್ಕು ಮಾತು ಹೇಳಲೇಬೇಕೆನ್ನಿಸಿತು. “ಅಜ್ಜಿ, ಇದು ಮಷೀನು. ಇದಕ್ಕ ಕುಂಕುಮ, ಹೂವು, ಅಕ್ಕಿಕಾಳು ಏನೂ ಹಾಕಬಾರದು. ಓದಿದವರ ಮನಿ, ಇಷ್ಟು ತಿಳೀಬೇಕು.”

“ನಿನ್ನ ಅಂಗಡ್ಯಾಗ ಪೂಜಿ ಮಾಡಂಗಿಲ್ಲೇನವಾ?”

“ಮಾಡತೇವಿ. ಆದ್ರ ತಿಳದು ಮಾಡತೇವಿ.”

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅದನ್ನೂ ನೋಡೂಣಂತ” ಎಂದು ಒಳಗೆ ಹೋದರು.

೩. ಕಟ್ ಪೀಸು

ಮಹಾನವಮಿಗೆ ಮೂರು ದಿನ ಇರುವಾಗ ಸೀರೆಯ ಗಂಟುಗಳ ನಡುವೆ ಕಂಪ್ಯೂಟರನ್ನು ಕೂಡಿಸಿಕೊಂಡು ಸಾವ್ಕಾರರು ಟಂಟಂ ಆಟೋದಲ್ಲಿ ಬಂದಿಳಿದರು. ಈ ಸಲ ಡಬ್ಬಿ ತಂದಿದ್ದರು, ಅಷ್ಟರಮಟ್ಟಿಗೆ ಸುಧಾರಣೆ.

“ಆವಾಜ ಚಲೋ ಐತ್ರಿ. ಆಟನ ಚಾಲೂ ಆಗವಲ್ದು.”

“ಏನರ ಮಾಡಿದ್ರೇನು?”

“ಏನೂ ಮಾಡಿಲ್ರಿ. ಸ್ವಚ್ಛ ಮಾಡೇನಿ ಅಷ್ಟ.”

ತೆರೆದು ನೋಡಿದರೆ, ಆಟದ ಫೋಲ್ಡರು ಖಾಲಿ. ಅದರಲ್ಲಿದ್ದ ಫೈಲುಗಳನ್ನೆಲ್ಲ ಅಳತೆಯ ಪ್ರಕಾರ ಆರಿಸಿ ‘ದೊಡ್ಡ ಮಾಲು’, ‘ಸಣ್ಣ ಮಾಲು’, ‘ಹಳೇ ಸ್ಟಾಕು’, ‘ಕಟ್ ಪೀಸು’ ಎಂದು ನಾಲ್ಕು ಫೋಲ್ಡರು ಮಾಡಿ, ನೀಟಾಗಿ ಹಂಚಿ ಇಟ್ಟಿದ್ದರು. ಎರಡು ದಿನ ಕೂತು ಮಾಡಿದ್ದರಂತೆ. ಅಂಗಡಿಯ ಕಪಾಟನ್ನು ಇಷ್ಟು ಚಂದ ಇಟ್ಟಿದ್ದರೆ ನಾನು ಕೈ ಮುಗಿಯುತ್ತಿದ್ದೆ.

“ಎಲ್ಲಾ ಒಂದರಾಗ ಕಲಸಿ ಇಟ್ಟಿದ್ರು ನೋಡ್ರಿ, ನನಗ ತಡ್ಯಾಕ ಆಗಲಿಲ್ಲ.”

“ಸಾವ್ಕಾರ್ರ, ಅದು ಹಂಗ ಇರಬೇಕು! ಆಟ ತನ್ನ ಸಾಮಾನು ಇಟ್ಟಲ್ಲೇ ಹುಡುಕತೈತಿ. ಅಲ್ಲಿ ಸಿಗಲಿಲ್ಲಂದ್ರ ನಿಂತಬಿಡತೈತಿ.”

“ಹಂಗಾರ ಥೇಟ್ ನಮ್ಮ ಅಂಗಡಿ ಹಳೇ ಗುಮಾಸ್ತನಂಗ ಐತಿ ಬಿಡ್ರಿ” ಎಂದು ನಕ್ಕವರು ಒಮ್ಮೆಲೆ ಗಾಬರಿಯಾದರು. “ಅಕ್ಕಾರ, ನನ್ನ ಸ್ಕೋರು? ಅದು ಹೋತೇನು?”

ಆಗ ಅವರ ಮುಖ ನೋಡಿ ನನ್ನ ಸಿಟ್ಟು ಇಳಿಯಿತು. ಆ ಹೆಸರು ಅಳಿಸಿ ಹೋದರೆ ಬೀಗರಿಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಹುಡುಕಿದೆ, ಹುಡುಕಿದೆ, ಕೊನೆಗೆ ‘ಕಟ್ ಪೀಸು’ ಫೋಲ್ಡರಿನ ತಳದಲ್ಲಿ ಸ್ಕೋರಿನ ಫೈಲು ಸಿಕ್ಕಿತು.

“ಜಲ್ಮದ ಗಳಿಕಿ ಅಂತೀರಿ, ಇದನ್ನ ತುಂಡು ಬಟ್ಟಿ ಕೂಡ ಇಟ್ಟೀರಲ್ರಿ!”

“ಒಂದ ಕೆಬಿ ಸೈತ ಇಲ್ಲರಿ ಅದು. ಕಟ್ ಪೀಸು ಅನ್ನದ ಏನನ್ನೂಣು?”

ಎರಡು ದಿನ ಒಂದೊಂದೇ ಫೈಲು ಹೆಕ್ಕಿ ಮೊದಲಿನ ಜಾಗಕ್ಕೆ ಇಟ್ಟೆ, ಸ್ಕೋರಿನದೊಂದು ಕಾಪಿ ಪೆನ್ ಡ್ರೈವಿಗೂ ತೆಗೆದುಕೊಂಡೆ. ಆಟ ಚಾಲೂ ಆಯಿತು, ಆವಾಜೂ ಬಂತು, ಮೇಲೆ ಅವರ ಹೆಸರೂ ಇತ್ತು. ಫೋನು ಮಾಡಿ ಎಲ್ಲಾ ಒಂದೇ ಫೋಲ್ಡರಿನಲ್ಲಿ ಮೊದಲಿನಂತೆ ಇಟ್ಟೆನೆಂದು ಹೇಳಿದರೆ ಅವರು ನಿಟ್ಟುಸಿರು ಬಿಟ್ಟರು.

“ಸಿಟ್ಟಿಗೇಳಬ್ಯಾಡ್ರಿ ಅಕ್ಕಾರ. ಹಿಂಗ ತುರುಕಿ ಇಡೂ ನೀವು ಸೀರಿ ಅಂಗಡಿ ಏನರ ಹಾಕಿದ್ರ, ತಿಂಗಳದಾಗ ಬಾಗಲಾ ಮುಚ್ಚತಿದ್ರಿ.”

೪. ಹೂಂ ರೀ

ಮರುದಿನ ಖಂಡೇನವಮಿ, ಆಯುಧಪೂಜೆ. ಅಂಗಡಿಯಲ್ಲಿದ್ದ ಸಾಮಾನಿಗೆಲ್ಲ ಪೂಜೆ ಮಾಡಿ ಲಗುಬಗೆಯಿಂದ ಮನೆಗೆ ಓಡಿದೆ. ಅದರ ಮರುದಿನ ಸಾವ್ಕಾರರು ಬಂದು, ಬನ್ನಿ ಕೊಟ್ಟು, “ಬಂಗಾರದಂಗ ಇರೂಣ್ರಿ” ಎಂದು ಹೇಳಿ ಕಂಪ್ಯೂಟರ್ ಒಯ್ದರು. ಎರಡೇ ದಿನಕ್ಕೆ ಫೋನು.

“ಅಕ್ಕಾರ, ಮತ್ತ ಆವಾಜ ಇಲ್ರಿ.”

ಫೋನಿನಲ್ಲೇ ಬಗೆಹರಿಸೋಣವೆಂದು ಕೂತೆ. “ಪರದೆ ಮ್ಯಾಲ ಕೆಳಗ ಬಲಕ್ಕ ಸ್ಪೀಕರಿನ ಚಿತ್ರ ಐತೇನ್ರಿ?”

“ಹೂಂ ರೀ.”

“ಅದನ್ನ ಒತ್ತಿ ಮ್ಯಾಲ ಎಳೀರಿ.”

“ಹೂಂ ರೀ. ಎಳದ್ನಿ.”

“ಅಲ್ಲೇ ‘ಮ್ಯೂಟ್’ ಅಂತ ಡಬ್ಬಿ ಐತಿ. ಅದರಾಗ ರೈಟ್ ಗುರ್ತು ಇದ್ರ ತಗೀರಿ.”

“ಹೂಂ ರೀ. ತಗದ್ನಿ.”

ಹೀಗೆ ಅರ್ಧ ತಾಸು. ನಾನು ಹೇಳಿದ್ದಕ್ಕೆಲ್ಲ ಹೂಂ. ಕೊನೆಗೆ “ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ” ಎಂದೆ. “ಹೂಂ ರೀ, ಚಾಲೂ ಆತು” ಎಂದರು. ನನಗೆ ಸಂಶಯ ಬಂತು. ಆ ಮಷೀನು ಚಾಲೂ ಆಗುವಷ್ಟರಲ್ಲಿ ಒಂದು ಪಾತ್ರೆ ಚಹಾ ಕುದಿಯುತ್ತದೆ. ಅಷ್ಟರಲ್ಲಿ ಫೋನಿನೊಳಗೆ ಯಾವುದೋ ಹೆಣ್ಣುದನಿ ಕೇಳಿತು, “ಇದರಾಗ ಕೆಂಪು ಸೆರಗಿಂದು ಐತೇನ್ರಿ?”

“ಸಾವ್ಕಾರ್ರ, ನೀವೆಲ್ಲಿ ಅದೀರಿ?”

“ಅಂಗಡ್ಯಾಗ ರೀ.”

“ಕಂಪ್ಯೂಟರ್?”

“ಮನ್ಯಾಗ ರೀ.”

“ಮತ್ತ ಅವಾಗಿಂದ ಎಳದ್ನಿ, ತಗದ್ನಿ ಅಂತ ಯಾಕ ಅನ್ನಾಕತ್ತೀರಿ!”

“ಮೂವತ್ತ ವರ್ಷದಿಂದ ವ್ಯಾಪಾರ ಮಾಡೇನ್ರಿ ಅಕ್ಕಾರ. ಕೇಳಿದ್ದಕ್ಕ ಇಲ್ಲ ಅಂದ್ರ ಗಿರಾಕಿ ಎದ್ದ ಹೋಗತಾರ.”

೫. ಬೀಗರ ಮುಂದೆ

ಅಲ್ಲಿಂದ ಮುಂದೆ ಎರಡು ಸಲ ಗಜೇಂದ್ರಗಡಕ್ಕೆ ಹೋಗಿ ಬಂದೆ. ಹಿಂದಿನ ತೂತು ತಿಕ್ಕಿದೆ, ವೈರು ಬದಲಿಸಿದೆ, ಬೇರೆ ಸ್ಪೀಕರ್ ಹಚ್ಚಿದೆ, ಆವಾಜಿನ ಸಾಫ್ಟ್‌ವೇರ್ ತೆಗೆದು ಹೊಸದಾಗಿ ಹಾಕಿದೆ. ಪರದೆಯ ಮೇಲೆ ಎಲ್ಲ ಸರಿ ಇದೆ ಎಂದು ತೋರಿಸುತ್ತದೆ, ಸ್ಪೀಕರ್ ಮಾತ್ರ ಉಸಿರೆತ್ತುವುದಿಲ್ಲ. ನನಗೆ ಅನ್ನ ಸೇರದಾಯಿತು. ದೀಪಾವಳಿ ಪಾಡ್ಯದ ಬೆಳಿಗ್ಗೆ, ನಮ್ಮ ಮನೆಯ ಕರ್ಚಿಕಾಯಿ ಬಿಟ್ಟು, ಮೂರನೆಯ ಸಲ ಹೊರಟೆ.

ಬೀಗರು ಆಗಲೇ ಬಂದು ಕಂಪ್ಯೂಟರಿನ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದರು. ಅಳಿಯ, ಮಗಳು, ಓಣಿಯ ಮಂದಿ, ಎಲ್ಲರೂ ನೆರೆದಿದ್ದರು. ಸಾವ್ಕಾರರು ಜರಿ ರುಮಾಲು ಸುತ್ತಿಕೊಂಡಿದ್ದರೂ ಮುಖ ಬಾಡಿತ್ತು.

ನನ್ನನ್ನು ನೋಡಿ ಬೀಗರು ಕೇಳಿದರು, “ರಿಪೇರಿ ಮಾಡಾವ್ರು ಬರಲಿಲ್ಲೇನ್ರಿ?”

“ನಾನ ರೀ!” ಎಂದೆ. ಹಬ್ಬದ ದಿನ ಅಷ್ಟು ಜೋರಾಗಿ ಹೇಳಬಾರದಿತ್ತು.

“ಬಿಡ್ರಿ, ನನಗ ತಿಳೀತು” ಎಂದು ಬೀಗರು ಮೀಸೆಯಡಿಯಲ್ಲೇ ನಕ್ಕರು. “ಸೋಲತೇವಂತ ಅಂಜಿ ನಮ್ಮ ಬೀಗರೇ ಆವಾಜ ಕೆಡಿಸಿ ಇಟ್ಟಾರ.”

ಮಂದಿಯೆಲ್ಲ ನಕ್ಕರು. ಸಾವ್ಕಾರರು ನನ್ನ ಹತ್ತಿರ ಬಂದು ಮೆಲ್ಲಗೆ ಅಂದರು, “ಅಕ್ಕಾರ, ಹ್ಯಾಂಗರ ಮಾಡ್ರಿ. ಇಲ್ಲಂದ್ರ ನಾ ಸಾಯೂತನಾ ಇವರು ನರಗುಂದ ತುಂಬ ಇದನ್ನ ಹೇಳಿಕೋತ ಅಡ್ಡಾಡತಾರ.”

ಮತ್ತೊಮ್ಮೆ ಎಲ್ಲ ನೋಡಿದೆ. ಎಲ್ಲ ಸರಿ, ಆವಾಜಿಲ್ಲ. ನನ್ನ ಸಿಟ್ಟು ನೆತ್ತಿಗೇರಿತು, ನೇರ ಅಜ್ಜಿಯ ಮೇಲೆ ತಿರುಗಿತು.

“ಅಜ್ಜಿ, ಖರೇ ಹೇಳ್ರಿ. ಇದರಾಗ ಮತ್ತೇನು ಹಾಕೀರಿ?”

“ನೀ ಬೈದ ಹೋದ ಮ್ಯಾಲ ಅದನ್ನ ಮುಟ್ಟಿದ್ರ ಕೇಳವಾ.”

ನಂಬಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ಡಬ್ಬಿಯ ಸುತ್ತ ಕಣ್ಣಾಡಿಸಿದೆ. ಇಷ್ಟು ದಿನ ಹಿಂದೆಯೇ ಹುಡುಕಿದ್ದೆ, ಮುಂದೆ ನೋಡಿರಲಿಲ್ಲ. ಮುಂದೆ ಕೆಳಗೆ ಹೆಡ್‌ಫೋನ್ ಸಿಕ್ಕಿಸುವ ಸಣ್ಣ ತೂತೊಂದಿದೆ. ಅದರೊಳಗೆ ಏನೋ ಕಂಡಿತು. ಚಿಮಟಿಗೆ ಹಾಕಿ ಎಳೆದೆ. ತುದಿಗೆ ಗುಲಾಬಿ ಬಣ್ಣವಿದ್ದ ಎರಡು ಮುರುಕು ಊದಿನಕಡ್ಡಿ!

ಕಳ್ಳಿ ಸಿಕ್ಕಳೆಂದು ನನಗೆ ಹಿಗ್ಗೋ ಹಿಗ್ಗು. ಎಲ್ಲರ ಎದುರು ಕಡ್ಡಿ ಎತ್ತಿ ಹಿಡಿದು ಪಾಠ ಸುರು ಮಾಡಿದೆ. “ಈ ತೂತಿನ್ಯಾಗ ಏನರ ತುರುಕಿದ್ರ, ಯಾರೋ ಹೆಡ್‌ಫೋನ್ ಹಾಕ್ಯಾರ ಅಂತ ತಿಳದು ಮಷೀನು ಸ್ಪೀಕರ್ ಬಂದ್ ಮಾಡತೈತಿ. ಇದನ್ನ ಇಟ್ಟವರಿಗೆ ಏನನ್ನೂಣು? ಬುದ್ಧಿ ಇದ್ದವರು ಮಾಡೂ ಕೆಲಸೇನಿದು? ಹೇಳ್ರಿ ಅಜ್ಜಿ, ಇದೇನಿದು?”

ಅಜ್ಜಿ ಚಷ್ಮಾ ಹಾಕಿಕೊಂಡು, ಕಡ್ಡಿ ಇಸಿದುಕೊಂಡು, ತಿರುವಿ ನೋಡಿದರು.

“ಊದಿನಕಡ್ಡಿ. ಆದ್ರ ನಮ್ಮನಿದಲ್ಲ. ನನಗ ದಮ್ಮ ಐತಿ, ಈ ಮನ್ಯಾಗ ಊದಿನಕಡ್ಡಿ ಹಚ್ಚೂದ ಬಿಟ್ಟು ಹತ್ತ ವರ್ಷ ಆತು.” ಆಮೇಲೆ ನನ್ನ ಕಡೆ ನೋಡಿದರು. “ಖಂಡೇನವಮಿ ದಿನ ಈ ಡಬ್ಬಿ ಎಲ್ಲಿತ್ತವಾ?”

ನೆರೆದಿದ್ದ ಮಂದಿಯೆಲ್ಲ ನನ್ನ ಕಡೆ ತಿರುಗಿದರು.

ನನಗೆ ಒಂದೊಂದಾಗಿ ನೆನಪಾಯಿತು. ಖಂಡೇನವಮಿ, ಮನೆಗೆ ಹೋಗುವ ಅವಸರ, ಊದಿನಕಡ್ಡಿ ಸಿಕ್ಕಿಸಲು ಬಾಳೆಹಣ್ಣು ತರುವುದು ಮರೆತದ್ದು, ಎದುರಿಗೇ ಕಂಡ ದುಂಡನೆಯ ಚಂದದ ತೂತು. ಒಂದು ಕಡ್ಡಿ ಅಲುಗಾಡುತ್ತದೆಂದು ಎರಡು ಕೂಡಿಸಿ ಒತ್ತಿದ್ದೂ ನಾನೇ. ಆರಿದ ಮೇಲೆ ಕೀಳುವಾಗ ಟಕ್ಕೆಂದು ಮುರಿದದ್ದು ಕೇಳಿಸಿಯೂ ಓಡಿದ್ದು ನಾನೇ.

“ತಿಳದು ಮಾಡತೇವಿ ಅಂದಿದ್ದಿ” ಎಂದರು ಅಜ್ಜಿ.

ಭೂಮಿ ಬಾಯಿ ಬಿಟ್ಟಿದ್ದರೆ ಸ್ಕ್ರೂಡ್ರೈವರ್ ಸಮೇತ ಇಳಿಯುತ್ತಿದ್ದೆ. ನನ್ನ ಮಾನ ಉಳಿಸಿದ್ದು ಆ ಮಷೀನೇ. ಮತ್ತೆ ಆಟ ಹಚ್ಚಿದ ಕೂಡಲೇ ಕಾರು ಗುರ್ರೆಂದಿತು. ಸಾವ್ಕಾರರು “ಬಂತು, ಬಂತು!” ಎಂದು ಕುಣಿದರು, ರುಮಾಲು ಬಿಚ್ಚಿ ಬದಿಗಿಟ್ಟು, ಕಿವಿ ತೆರೆದು ಕೂತರು.

ಇಂಜಿನ್ನು ಒದರಿತು, ಸಾವ್ಕಾರರು ಗೇರ್ ಹಾಕಿದರು, ಓಣಿಯ ಮಂದಿ ಸಿಳ್ಳೆ ಹೊಡೆದರು. ಏನೇನೂ ಕೊರತೆಯಿರಲಿಲ್ಲ. ಆಮೇಲೆ ಬೀಗರು ಕೂತರು. ಮಾತಿಲ್ಲ, ಕತೆಯಿಲ್ಲ, ಬಾಯಲ್ಲಿ ಎಲೆಯಡಿಕೆ ಹಾಕಿಕೊಂಡೇ ಆಡಿದರು. ಮುಗಿದಾಗ ಪಟ್ಟಿಯ ಮೇಲಿನ ಹೆಸರು ಬದಲಾಗಿತ್ತು. ಸಾವ್ಕಾರರದು ಎರಡನೆಯದಾಗಿತ್ತು.

“ಆವಾಜ ಚಲೋ ಐತ್ರಿ ಬೀಗರ, ತಕರಾರ ಇಲ್ಲ” ಎಂದು ಹೇಳಿ ಬೀಗರು ಕೈ ತೊಳೆಯಲು ಎದ್ದರು. ಮಂದಿಯೆಲ್ಲ ಅವರ ಹಿಂದೆಯೇ ಊಟಕ್ಕೆ ಹೋದರು.

ಸಾವ್ಕಾರರು ಮಾತ್ರ ಪರದೆಯ ಮುಂದೆಯೇ ಉಳಿದರು. ಸಮಾಧಾನ ಹೇಳೋಣವೆಂದು ಹತ್ತಿರ ಹೋದೆ. ಅವರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಅಕ್ಕಾರ, ಆ ಕಡ್ಡಿ ಒಗದಿಲ್ಲ ಹೌದಲ್ರಿ? ಬರೂ ವರ್ಷ ಬೀಗರು ಬರೂಕಿಂತ ಮೊದಲ ಮಷೀನು ನಿಮ್ಮ ಅಂಗಡಿಗೆ ತರತೇನಿ. ಇನ್ನೊಮ್ಮೆ ಹಂಗ ಪೂಜಿ ಮಾಡಿ ಕೊಡ್ರಿ.”