ನಾಲ್ಕು ಸಂಘ, ಒಂದು ಕುದ್ರು

ನಾಲ್ಕು ಜನ ಒಳ್ಳೆಯವರು ಒಟ್ಟಿಗೆ ಒಂದು ಕೆಲಸಕ್ಕೆ ಇಳಿದರೆ ಎಂತಾದರೂ ಒಂದು ಎಡವಟ್ಟು ನಡೆದೇ ನಡೆಯುತ್ತದೆ. ಕೆಟ್ಟವರು ಬೇಗ ಹೊಂದಿಕೊಳ್ಳುತ್ತಾರೆ. ಒಳ್ಳೆಯವರಿಗೆ ಮೀಟಿಂಗ್ ಬೇಕು.

ಅರವತ್ತರ ದಶಕದ ಮೊದಲಲ್ಲಿ ನಾನು ಉಡುಪಿಯಲ್ಲಿ ಬಸ್ ಏಜೆಂಟ. ಕಾರ್ಕಳ, ಕಾಪು ಕಡೆಯ ಬಸ್ಸುಗಳಿಗೆ ಜನ ಹತ್ತಿಸುವುದು ನನ್ನ ಕೆಲಸ. ಊರಿನ ಹೆಸರು ಕೂಗಿದರೆ ಸಾಕು, ಅದಕ್ಕೆ ಹೆಚ್ಚು ಮಾತು ಬೇಡ. ನನಗೆ ಅದೇ ಇಷ್ಟ.

ಅವಲಕ್ಕಿ

ಒಂದು ವರ್ಷ ಆಟಿ ತಿಂಗಳ ಮಳೆಗೆ ಕಾಪುವಿನ ಹತ್ತಿರದ ಹೊಳೆ ಉಕ್ಕಿತು. ಹೊಳೆಯ ನಡುವೆ ಒಂದು ಕುದ್ರು ಉಂಟು. ಸುತ್ತ ನೀರು, ನಡುವೆ ಮಣ್ಣಿನ ದಿಬ್ಬ, ಅದರ ಮೇಲೆ ನಲವತ್ತು ಮನೆ. ಎಲ್ಲರೂ ಮೀನಿನ ಕೆಲಸದವರು.

ಸುದ್ದಿ ಸಿಕ್ಕಿದ ಕೂಡಲೇ ನಾಲ್ಕು ಸಂಘಗಳು ಹೊರಟವು. ಉಡುಪಿಯ ವ್ಯಾಪಾರಿಗಳು, ಕಡಿಯಾಳಿಯ ಮಹಿಳೆಯರು, ಕಾರ್ಕಳ ಕಡೆಯ ಇಗರ್ಜಿಯ ಯುವಕರು, ಮಣಿಪಾಲದ ವಿದ್ಯಾರ್ಥಿಗಳು. ನಾಲ್ವರೂ ಅವಲಕ್ಕಿ ತಂದರು. ನಾಲ್ವರೂ ರಸ್ತೆ ಬದಿಯ ಶಾಲೆಗೇ ತಂದರು. ದೋಣಿ ಮಾತ್ರ ಯಾರೂ ತರಲಿಲ್ಲ. ಅದನ್ನು ಇನ್ನೊಬ್ಬರು ತರುತ್ತಾರೆ ಎಂದು ಪ್ರತಿಯೊಬ್ಬರೂ ತಿಳಿದಿದ್ದರು.

ಕುದ್ರುವಿನಿಂದ ಶಾಲೆಗೆ ದಾಟಿ ಬಂದದ್ದು ಒಂಬತ್ತೇ ಜನ. ಉಳಿದವರು ಎರಡು ದಿನ ತೆಂಗಿನಕಾಯಿ ತಿಂದುಕೊಂಡು, ಮಕ್ಕಳನ್ನು ಮನೆಯ ಮಾಡಿನ ಮೇಲೆ ಕೂರಿಸಿಕೊಂಡು ಕಳೆದರು. ಒಂದು ಮಗು ನೀರಿಗೆ ಜಾರಿತು. ಮೀನು ಮಾರುವ ಅಜ್ಜಿಯೊಬ್ಬರು ಜುಟ್ಟು ಹಿಡಿದು ಎಳೆದರು. ಅದು ಅವರ ಮೊಮ್ಮಗಳು. ಉಳಿಯಿತು. ಮುಂದಿನ ಮಳೆಗಾಲದಲ್ಲಿ ಜುಟ್ಟು ಕೈಗೆ ಸಿಗುತ್ತದೆ ಎಂದು ಹೇಳುವವರು ಯಾರೂ ಇರಲಿಲ್ಲ.

ಮೂರನೆಯ ದಿನ ಶಾಲೆಯ ಹೆಡ್‌ಮಾಸ್ಟ್ರು ನಾಲ್ಕು ಸಂಘಗಳಿಗೂ ಚೀಟಿ ಕಳಿಸಿದರು: "ಅವಲಕ್ಕಿ ಸಾಕು. ತಿನ್ನುವವರನ್ನು ಕಳಿಸಿ."

ಕಾರ್ಯದರ್ಶಿ

ಮೇಲಿನಿಂದ ಕಾಗದ ಬಂತು. ದೇಶವೇ ವಿಪತ್ತಿಗೆ ತಯಾರಾಗಬೇಕು, ಸೇವಾ ಸಂಘಗಳೆಲ್ಲ ಸೇರಿ ಒಂದು ಸಮಿತಿ ಮಾಡಬೇಕು ಎಂದು. ಉಡುಪಿಯಲ್ಲಿ ಮೀಟಿಂಗ್ ಆಯಿತು. ಬಸ್ಸಿನ ವ್ಯವಸ್ಥೆಗೆಂದು ನನ್ನನ್ನೂ ಕರೆದಿದ್ದರು.

ಮೊದಲ ವಿಷಯ: ಮುಂದಿನ ಸಲ ನೀರು ಏರುವ ಮೊದಲೇ ಕುದ್ರುವಿನವರನ್ನು ಶಾಲೆಗೆ ತರಬೇಕು. ಎರಡು ನಿಮಿಷದಲ್ಲಿ ಒಪ್ಪಿಗೆಯಾಯಿತು. ಎರಡನೆಯ ವಿಷಯ: ಅವರಿಗೆ ಅಡುಗೆ ಮಾಡುವುದು ಯಾರು. ಅದಕ್ಕೆ ಮೂರು ಗಂಟೆ ಹಿಡಿಯಿತು.

"ನಮ್ಮ ಒಲೆ ಬೇರೆಯೇ ಇರಬೇಕು," ಎಂದರು ವ್ಯಾಪಾರಿಗಳ ಅಧ್ಯಕ್ಷರು.

"ಹಾಗಾದರೆ ನಮ್ಮದೂ ಬೇರೆ," ಎಂದರು ಇಗರ್ಜಿಯ ಫಾದರ್.

"ಯಾರ ಒಲೆಯಾದರೂ ಆಗಲಿ, ಉಪ್ಪು ನೋಡುವುದು ನಾನು," ಎಂದರು ಕಡಿಯಾಳಿಯ ಅಮ್ಮ.

ನಾಲ್ಕು ಒಲೆ ಎಂದು ತೀರ್ಮಾನವಾಯಿತು. ಕೊನೆಗೆ ಕಾರ್ಯದರ್ಶಿಯ ಆಯ್ಕೆ. ಯಾರ ಮಾತಿಗೂ ಎದುರಾಡದ ಒಬ್ಬ ತಾಳ್ಮೆಯ ಮನುಷ್ಯ ಬೇಕು ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಮೂರು ಗಂಟೆ ನಾನು ಒಂದು ಮಾತೂ ಆಡಿರಲಿಲ್ಲ. ನಿದ್ದೆ ಮಾಡಿದ್ದೆ.

ಕಂಬಳಿ

ಮೇಲಿನಿಂದ ಒಂದು ಫಾರ್ಮು ಬಂತು. ಇಡೀ ದೇಶಕ್ಕೆ ಒಂದೇ ಫಾರ್ಮು. ನಿಮ್ಮಲ್ಲಿ ಹಿಮ ಬೀಳುವ ದಿನ ಎಷ್ಟು? "ಇಲ್ಲ" ಎಂದು ಬರೆದೆ. ಉಣ್ಣೆಯ ಕಂಬಳಿ ಎಷ್ಟು ಉಂಟು? ಅದಕ್ಕೂ "ಇಲ್ಲ" ಎಂದು ಬರೆದೆ.

ಮೇ ತಿಂಗಳಲ್ಲಿ ಲಾರಿ ತುಂಬ ಕಂಬಳಿ ಬಂತು. ಜೊತೆಗೆ ಪರದೇಶದ ಹಾಲಿನ ಪುಡಿ, ಮೂಟೆ ಮೂಟೆ. ಪುಡಿಯನ್ನು ನೀರಿಗೆ ಕಲಸಿ ಮಕ್ಕಳಿಗೆ ಕೊಟ್ಟೆವು. ಒಂದು ಗುಟುಕು ಕುಡಿದು ಓಡಿದರು. ಮೂಟೆಗಳನ್ನು ಶಾಲೆಯ ಅಟ್ಟಕ್ಕೆ ಹಾಕಿದೆವು.

ಕಂಬಳಿಗಳನ್ನು ಕುದ್ರುವಿಗೆ ಒಯ್ದೆ. ಮೀನಿನ ಅಜ್ಜಿ ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಈ ಸೆಕೆಗೆ ಇದನ್ನು ಹೊದೆದರೆ ಹೊಳೆ ಯಾಕೆ ಬೇಕು ಮಾರಾಯ್ರೇ? ನಾವು ಹೀಗೇ ಸಾಯುತ್ತೇವೆ."

ಆದರೂ ಇಟ್ಟುಕೊಂಡರು. ಮರುವಾರ ಕಾಪು ಪೇಟೆಯಲ್ಲಿ ಸಿಕ್ಕಿದರು. ಒದ್ದೆ ಮಾಡಿದ ಕಂಬಳಿ ಮೀನಿನ ಬುಟ್ಟಿಯ ಮೇಲೆ ಇತ್ತು.

"ಬಂಗುಡೆಗೆ ಬಿಸಿಲು ತಾಗುವುದಿಲ್ಲ ಏಜೆಂಟ್ರೇ. ಬೂತಾಯಿ ಬುಟ್ಟಿಗೆ ಇನ್ನೊಂದು ಕೊಡಿ."

ಕಾಲು ಮುರಿದವನು

ಬೆಳ್ಮಣ್‌ನಲ್ಲಿ ಸ್ವಯಂಸೇವಕರಿಗೆ ತರಬೇತಿ. ಕಲಿಸಲಿಕ್ಕೆ ಮಣಿಪಾಲದಿಂದ ಒಬ್ಬ ಎಳೆಯ ಡಾಕ್ಟರು ಬಂದಿದ್ದರು. ಉತ್ತರದ ಕಡೆಯವರು, ಬಹಳ ಶ್ರದ್ಧೆ. ಹತ್ತು ಜನರನ್ನು ಗದ್ದೆಯಲ್ಲಿ ಮಲಗಿಸಿ, ಪ್ರತಿಯೊಬ್ಬರ ಕುತ್ತಿಗೆಗೆ ಒಂದು ಚೀಟಿ ಕಟ್ಟಿದರು. ಒಬ್ಬನಿಗೆ ತಲೆಗೆ ಪೆಟ್ಟು, ಒಬ್ಬನಿಗೆ ಹಾವು ಕಡಿದದ್ದು, ಒಬ್ಬನಿಗೆ ಎರಡೂ ಕಾಲು ಮುರಿದದ್ದು. ಉಳಿದವರು ಅವರನ್ನು ಹೊತ್ತು ತರಬೇಕು.

ಸಂಜೆ ಎಣಿಸುವಾಗ ಒಂಬತ್ತೇ ಜನ. ಡಾಕ್ಟರಿಗೆ ಗಾಬರಿಯಾಯಿತು.

"ಕಾಲು ಮುರಿದವನು ಎಲ್ಲಿ?"

"ಕಾರ್ಕಳದ ಬಸ್ಸು ಬಂತು ಡಾಕ್ಟ್ರೇ," ಎಂದ ಹಾವು ಕಡಿದವನು. "ಓಡಿ ಹಿಡಿದ."

ಕದಿನ

ಮಳೆಗೆ ಮೊದಲು ಕಾಪುವಿನಲ್ಲಿ ಪೂರ್ತಿ ರಿಹರ್ಸಲ್. ಎಚ್ಚರಿಕೆ ಕೊಡುವುದು ಹೇಗೆ? ಸೈರನ್ ಇಲ್ಲ. ಕದಿನ ಸಿಡಿಸುವುದು ಎಂದರು ವ್ಯಾಪಾರಿಗಳ ಅಧ್ಯಕ್ಷರು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಸಿಡಿಸುವ ಕದಿನ, ನಮ್ಮಲ್ಲಿ ಪೂಜೆ ಉತ್ಸವಕ್ಕೆ ಇದ್ದೇ ಇರುತ್ತದೆ. ಎರಡು ಮೈಲಿಗೆ ಕೇಳಿಸುತ್ತದೆ. ಮೂರು ಕದಿನ ಕೇಳಿದರೆ ಕುದ್ರು ಬಿಡಬೇಕು. ಕುದ್ರುವಿನ ಮನೆಮನೆಗೆ ಹೋಗಿ ಹೇಳಿ ಬಂದೆವು.

ಮೂರು ಸಿಡಿಸಿದೆವು. ಅರ್ಧ ಗಂಟೆಯಲ್ಲಿ ಜನವೋ ಜನ. ಸುತ್ತಲಿನ ಐದು ಊರಿನವರು, ತಲೆಗೆ ಎಣ್ಣೆ ಹಾಕಿ, ಒಳ್ಳೆಯ ಸೀರೆ ಉಟ್ಟು, ಮಕ್ಕಳ ಕೈ ಹಿಡಿದುಕೊಂಡು ಬಂದರು. "ಊಟಕ್ಕೆ ಎಲೆ ಹಾಕಿ ಆಯಿತಾ?" ಎಂದು ಕೇಳಿದರು.

ಕುದ್ರುವಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಅಜ್ಜಿ ಆಚೆ ದಡದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಬನ್ನಿ ಅಜ್ಜೀ!" ಎಂದು ಫಾದರ್ ಕೂಗಿದರು.

"ಊಟ ಉಂಟಾ?"

"ಇಲ್ಲ! ಇದು ಅಭ್ಯಾಸ!"

"ಊಟ ಇಲ್ಲದೆ ಕದಿನ ಹೊಡೆಯುವುದು ಎಂತ ಅಭ್ಯಾಸ?" ಎಂದು ಅಜ್ಜಿ ಒಳಗೆ ಹೋದರು.

ಎರಡು ಮಾತು

ಆಟಿ ಬಂತು. ಮೂರು ದಿನ ಮಳೆ ಬಿಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಹೊಳೆಯ ಬಣ್ಣ ಬದಲಾಯಿತು. ಮಧ್ಯಾಹ್ನದೊಳಗೆ ಕುದ್ರು ಮುಳುಗುತ್ತದೆ ಎಂದು ಅಂಬಿಗರು ಹೇಳಿದರು. ಈ ಸಲ ಎಲ್ಲವೂ ಸರಿಯಾಗಿತ್ತು. ದೋಣಿ ಆರು, ಸ್ವಯಂಸೇವಕರು ಮೂವತ್ತು. ಕದಿನ ಮಾತ್ರ ಸಿಡಿಯಲಿಲ್ಲ. ಮದ್ದು ಒದ್ದೆಯಾಗಿತ್ತು.

ದೋಣಿಗಳು ಹೋದವು. ಖಾಲಿ ಮರಳಿದವು. ಬಲೆ ಬಿಟ್ಟು ಬರಲಾಗದು, ಕೋಳಿ ಬಿಟ್ಟು ಬರಲಾಗದು, ನೀರು ಇನ್ನೂ ಅಂಗಳಕ್ಕೆ ಬಂದಿಲ್ಲ ಎಂದರಂತೆ ಕುದ್ರುವಿನವರು. ಅಜ್ಜಿ ಬಾರದೆ ಯಾರೂ ಬಾರರು. ಮೊಮ್ಮಗಳು ಅಜ್ಜಿಯ ಸೆರಗು ಹಿಡಿದು ನಿಂತದ್ದು ಈಚೆ ದಡಕ್ಕೂ ಕಾಣುತ್ತಿತ್ತು.

ಫಾದರ್ ಬುದ್ಧಿ ಹೇಳಿದರು. ಡಾಕ್ಟರು ಕೈಸನ್ನೆ ಮಾಡಿದರು. ಅಧ್ಯಕ್ಷರು ಸರಕಾರದ ಕಾಗದವನ್ನು ಎತ್ತಿ ತೋರಿಸಿದರು. ಅಜ್ಜಿ ಕದಲಲಿಲ್ಲ.

ಕಾರ್ಯದರ್ಶಿಯಾಗಿ ಒಂದು ವರ್ಷದಲ್ಲಿ ನಾನು ಸ್ವರ ಎತ್ತಿದ್ದು ಅದೇ ಮೊದಲು. ಬಸ್ಸಿಗೆ ಜನ ಕರೆಯುವ ಸ್ವರ.

"ಊಟ ಉಂಟು!"

ಅಜ್ಜಿ ತಲೆ ಎತ್ತಿದರು. ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಮೊದಲ ದೋಣಿಗೆ ಕಾಲಿಟ್ಟರು. ಹಿಂದೆ ನಲವತ್ತು ಮನೆ. ಬಲೆ ಬಂತು, ಕೋಳಿ ಬಂತು, ಕಂಬಳಿಯೂ ಬಂತು.

ಕಡಿಯಾಳಿಯ ಅಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಊಟ ಎಲ್ಲಿ ಉಂಟು ಏಜೆಂಟ್ರೇ?"

"ಇನ್ನು ಆಗಬೇಕು," ಎಂದೆ.

ಒಣ ಸೌದೆ ಇದ್ದದ್ದು ಒಂದೇ ಒಲೆಗೆ. ಒಲೆ ಬೇರೆ ಎಂದಿದ್ದ ಅಧ್ಯಕ್ಷರು ತೆಂಗಿನಕಾಯಿ ತುರಿದರು. ಫಾದರ್ ಒಲೆ ಊದಿ ಕಣ್ಣಲ್ಲಿ ನೀರು ಸುರಿಸಿಕೊಂಡರು. ಅಮ್ಮ ಉಪ್ಪು ನೋಡಿದರು. ಡಾಕ್ಟರು ಅಟ್ಟ ಹತ್ತಿ ಹಾಲಿನ ಪುಡಿ ಇಳಿಸಿದರು. ಅದಕ್ಕೆ ಬೆಲ್ಲ ಬಿದ್ದ ಮೇಲೆ ಪಾಯಸವಾಯಿತು. ಕಳೆದ ವರ್ಷದ ನಾಲ್ಕು ಸಂಘದ ಅವಲಕ್ಕಿ ಒಂದೇ ಪಾತ್ರೆಗೆ ಬಿದ್ದ ಹಾಗೆ ಇತ್ತು ಆ ಅಡುಗೆಮನೆ.

ಪಾಯಸ ಎರಡನೆಯ ಸಲ ಬಡಿಸುವಾಗ ಹೊಳೆ ಕುದ್ರುವಿನ ಮೇಲೆ ಹರಿಯಿತು. ಎಲ್ಲರೂ ಕೈ ನಿಲ್ಲಿಸಿ ಕಿಟಕಿ ಕಡೆ ನೋಡಿದರು. ಅಜ್ಜಿ ಹೊರಗೆ ನೋಡಲಿಲ್ಲ. ಪಂಕ್ತಿಯಲ್ಲಿ ಕೂತ ಮಕ್ಕಳನ್ನು ಒಂದು ಕಡೆಯಿಂದ ಎಣಿಸಿದರು. ಇನ್ನೊಂದು ಕಡೆಯಿಂದಲೂ ಎಣಿಸಿದರು. ಲೆಕ್ಕ ಸರಿಯಾಯಿತು.

"ಬೆಲ್ಲ ಕಡಿಮೆ," ಎಂದರು.

ಮನೆಗಳನ್ನು ಮತ್ತೆ ಕಟ್ಟಿಕೊಟ್ಟೆವು. ನಾಲ್ಕೂ ಸಂಘ ಸೇರಿ, ಮೀಟಿಂಗ್ ಇಲ್ಲದೆ. ಮೇಲಿನಿಂದ ಬಂದ ಫಾರ್ಮಿನಲ್ಲಿ ಎಚ್ಚರಿಕೆಯ ಸಾಧನ ಯಾವುದು ಎಂದು ಕೇಳಿದ್ದರು. "ಊಟ" ಎಂದು ಬರೆದೆ. ಈ ಸಲ ಲಾರಿ ಬರಲಿಲ್ಲ.

ಮರುವರ್ಷ ಜೂನ್ ಮೊದಲ ವಾರ. ಆಕಾಶದಲ್ಲಿ ಅಂಗೈಯಷ್ಟು ಒಂದು ಮೋಡ. ಶಾಲೆಯಿಂದ ಹೆಡ್‌ಮಾಸ್ಟ್ರು ಜನ ಕಳಿಸಿದರು, ಕೂಡಲೇ ಬನ್ನಿ ಎಂದು. ಸಮಿತಿ ಪೂರ್ತಿ ಓಡಿತು. ನೋಡಿದರೆ ನಲವತ್ತು ಮನೆಯವರು ಪಂಕ್ತಿಯಲ್ಲಿ ಕೂತಿದ್ದಾರೆ. ಎದುರು ಬಾಳೆಲೆ. ಎಲೆಯನ್ನೂ ಅವರೇ ತಂದಿದ್ದರು.

"ಅಜ್ಜೀ, ಹೊಳೆಯಲ್ಲಿ ಮೊಣಕಾಲಷ್ಟೂ ನೀರಿಲ್ಲ. ಈಗಲೇ ಯಾಕೆ ಬಂದಿರಿ?" ಎಂದರು ಅಧ್ಯಕ್ಷರು.

ಅಜ್ಜಿ ಅವರನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದರು.

"ನೀರು ಬಂದ ಮೇಲೆ ಬಂದರೆ ಅದು ತಯಾರಿಯಾ ಮಾರಾಯ್ರೇ? ಬಡಿಸಿ. ಬೆಲ್ಲ ನಾನೇ ತಂದಿದ್ದೇನೆ."