ಡಿಗ್ರಿಯ ಲೆಕ್ಕ ಮತ್ತು ಪೋಷಕರ ಸಹಿ

ಚಿಲ್ಲರೆ ಮಾಮನ ಸಂಕಟ ಶುರುವಾದದ್ದು ಒಬ್ಬ ಹುಡುಗಿಯಿಂದ. ಹುಬ್ಬೇರಿಸಬೇಡಿ, ಅಂಥದ್ದೇನೂ ಅಲ್ಲ.

ನೀರಿನ ಪಂಪು ಮಾರುವ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದ ಮನುಷ್ಯ ಅವನು. ತಿಂಗಳ ಕೊನೆಗೆ ಒಂದು ಬಿಡಿಕಾಸು ಹೆಚ್ಚುಕಮ್ಮಿಯಾದರೂ ಊಟ ಬಿಟ್ಟು ಹುಡುಕುತ್ತಿದ್ದ. ಬಂಧುಬಳಗದವರು 'ಚಿಲ್ಲರೆ' ಎಂಬ ಬಿರುದು ಕೊಟ್ಟದ್ದು ಅದಕ್ಕೇ. ಆಫೀಸಿಗೆ ಹೊಸ ಸಾಫ್ಟ್‌ವೇರ್ ಹಾಕಲು ಬಂದ ಹುಡುಗಿ, ಅವನು ಮೂರು ದಿನ ಬೆವರು ಸುರಿಸಿ ಮಾಡುವ ಕೆಲಸವನ್ನು ಕಾಫಿ ಆರುವುದರೊಳಗೆ ಮುಗಿಸಿಬಿಟ್ಟಳು.

"ಇದನ್ನೆಲ್ಲ ಎಲ್ಲಿ ಕಲಿತೆಯಮ್ಮ?"

"ಎರಡು ವರ್ಷದ ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್ ಡಿಗ್ರಿ, ಅಂಕಲ್."

ಡಿಗ್ರಿ ತಲೆಗೆ ಹೊಕ್ಕಿತು, 'ಅಂಕಲ್' ಎದೆಗೆ ನಾಟಿತು. ಯಾರಿಗೂ ಹೇಳದೆ ಓದಿ, ಯಾರಿಗೂ ಹೇಳದೆ ಪ್ರವೇಶ ಪರೀಕ್ಷೆ ಬರೆದ. ಪಾಸೂ ಆದ! ಒಂದು ಭಾನುವಾರ ಬೆಳಗ್ಗೆ, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಯ ಎದುರು ನಾಲ್ಕು ಹಾಳೆಯ ಮಹಾಯೋಜನೆ ಹರಡಿದ.

"ನೋಡು, ಫೀಸು ಎಂಟು ಲಕ್ಷ. ಪೂರ್ತಿ ಸಾಲ. ಈಗ ನನ್ನ ಸಂಬಳ ತಿಂಗಳಿಗೆ ನಲವತ್ತು ಸಾವಿರ. ಡಿಗ್ರಿ ಆದಮೇಲೆ ತೊಂಬತ್ತು. ಹೆಚ್ಚಿಗೆ ಬರೋ ಐವತ್ತನ್ನ ಸಾಲಕ್ಕೆ ಕಟ್ಟಿದರೆ ಹದಿನಾರೇ ತಿಂಗಳು, ಚುಕ್ತಾ!"

ಅವಳು ಯಂತ್ರ ನಿಲ್ಲಿಸಲಿಲ್ಲ. "ಓದೋ ಎರಡು ವರ್ಷ ಆ ನಲವತ್ತು ಯಾರು ಕೊಡ್ತಾರೆ?"

ಮಾಮ ನಾಲ್ಕೂ ಹಾಳೆ ತಿರುವಿ ನೋಡಿದ. ಇಪ್ಪತ್ತೆರಡು ವರ್ಷ ಕಂಡವರ ಬಿಡಿಕಾಸು ಹುಡುಕಿದವನು ತನ್ನದೇ ಒಂಬತ್ತು ಲಕ್ಷ ಅರವತ್ತು ಸಾವಿರವನ್ನು ಮರೆತಿದ್ದ.

"ಅದನ್ನೂ ಸೇರಿಸಿದರೆ..." ಬೆರಳು ಮಡಚಿದ. "ಮೂರು ವರ್ಷ ಅನ್ನು. ಸ್ವಲ್ಪ ಬಡ್ಡಿ."

"ಕೆಲಸ ಸಿಗದಿದ್ದರೆ? ಅದಕ್ಕೊಂದು ಕಾಲಂ ಹಾಕಿದ್ದೀರಾ?"

"ಅಪಶಕುನ ಮಾತಾಡಬೇಡ ಕಣೇ!"

"ನಲವತ್ತಾರು ವರ್ಷದ ಹೊಸ ಹುಡುಗನ್ನ ಯಾರು ಕೆಲಸಕ್ಕೆ ತಗೋತಾರೆ ಅಂತ ಕೇಳಿದೆ ಅಷ್ಟೆ. ಅದು ಸರಿ, ಈ ಎರಡು ವರ್ಷ ಮನೆಖರ್ಚು?"

ಮಾಮ ನಾಲ್ಕನೇ ಹಾಳೆಯ ಕೆಳತುದಿ ತೋರಿಸಿದ. ಅಲ್ಲಿ 'ಹೇಗೋ ನಡೆಯುತ್ತದೆ' ಎಂದು ಬರೆದಿತ್ತು. ಅದರ ಕೆಳಗೆ, 'ಇತರೆ: ಹೆಂಡತಿಯ ಹೊಲಿಗೆ.' ಮುಂದೆ ಅಂಕಿ ಇರಲಿಲ್ಲ. ಅವಳು ಅದನ್ನು ಎರಡು ಸಲ ಓದಿ, ಹಲ್ಲಿನಿಂದ ದಾರ ಕಚ್ಚಿ ತುಂಡರಿಸಿದಳು. "ಬ್ಯಾಂಕಿಗೆ ನಾನೂ ಬರ್ತೀನಿ," ಎಂದಳು.

ಬ್ಯಾಂಕಿನ ಸಾಲದ ಅಧಿಕಾರಿಣಿ ಕನ್ನಡಕದ ಮೇಲಿಂದ ಹಾಳೆಗಳನ್ನು ನೋಡಿದರು. "ಸರ್, ಕೆಲಸ ಬಿಟ್ಟರೆ ನಿಮ್ಮ ಆದಾಯ ಸೊನ್ನೆ. ಸಾಲ ಯಾವ ಆಧಾರದ ಮೇಲೆ ಕೊಡೋದು?"

"ಇವಳು ಏನೋ ಒಂದಿಷ್ಟು ಹೊಲೀತಾಳೆ, ಹೊತ್ತು ಹೋಗೋಕೆ..."

ಅಧಿಕಾರಿಣಿ ಪಕ್ಕಕ್ಕೆ ತಿರುಗಿ ನೋಡಿದವರೇ ಎದ್ದು ನಿಂತರು. "ಅಯ್ಯೋ, ನೀವಾ ಮೇಡಂ! ಮೊದಲೇ ಹೇಳಬಾರದಾ? ಇವರು ನಿಮ್ಮ ಯಜಮಾನರಾ?" (ಇಪ್ಪತ್ತು ವರ್ಷದ ಸಂಸಾರದಲ್ಲಿ ಮಾಮನನ್ನು ಯಾರಾದರೂ ಹೆಂಡತಿಯ ಮೂಲಕ ಗುರುತಿಸಿದ್ದು ಇದೇ ಮೊದಲು.)

ಹೆಂಡತಿಯ ಖಾತೆ ತೆರೆದಿದ್ದ ಕಂಪ್ಯೂಟರ್ ಪರದೆ ಅವನ ಕಡೆ ತಿರುಗಿತು. ಎರಡು ಆಸ್ಪತ್ರೆಯ ದಾದಿಯರಿಗೆ, ಒಂದು ಹೋಟೆಲಿನ ಸಿಬ್ಬಂದಿಗೆ ಸಮವಸ್ತ್ರ. ತಿಂಗಳಿಗೆ ಖರ್ಚು ಕಳೆದು ಅರವತ್ತೆರಡು ಸಾವಿರ. ಮಾಮ ಕೊನೆಯ ಸೊನ್ನೆಯನ್ನು ಉಗುರಿನಿಂದ ಕೆರೆದು ನೋಡಿದ. ಕಸವಲ್ಲ, ಸೊನ್ನೆಯೇ.

"ನನಗೆ ಯಾಕೆ ಹೇಳಲಿಲ್ಲ?"

"ನೀವು ಯಾವತ್ತು ಕೇಳಿದ್ರಿ?"

ಊರಿಗೆಲ್ಲ ಲೆಕ್ಕ ಕೇಳುವವನು ಹಾಳೆಗಳನ್ನು ಜೋಡಿಸಿ ಎದ್ದ. "ನಡಿ, ಹೋಗೋಣ. ನಿನ್ನ ದುಡಿಮೆ ಮೇಲೆ ನಾನು ಓದೋದು ಬೇಡ. ಆ ಹದಿನಾರು ತಿಂಗಳು, ತೊಂಬತ್ತು ಸಾವಿರ, ಎಲ್ಲ ನಾನೇ ಕಟ್ಟಿದ ಕಥೆ. ನಿಜ ಹೇಳ್ತೀನಿ, ನನಗೆ ಓದಬೇಕು ಅನ್ನಿಸಿತ್ತು, ಅಷ್ಟೇ."

"ಅದು ಗೊತ್ತು," ಎಂದಳು ಹೆಂಡತಿ. "ಒಗೆಯೋಕೆ ಹಾಕೋ ಅಂಗಿ ಜೇಬಲ್ಲಿ ಪಾಸಾದ ಕಾಗದ ಇಟ್ಟಿದ್ರಿ. ಒಂದು ತಿಂಗಳಿಂದ ಕಾಯ್ತಿದ್ದೀನಿ, ಓದ್ತೀನಿ ಅಂತ ಬಾಯಿಬಿಟ್ಟು ಹೇಳ್ತೀರೇನೋ ಅಂತ. ಅದರ ಬದಲು ಲಾಭ ತೋರಿಸೋಕೆ ಬಂದ್ರಿ. ಕೂತ್ಕೊಳ್ಳಿ."

ಮಾಮ ಕೂತ.

"ಅರ್ಧ ಫೀಸು ನನ್ನ ಉಳಿತಾಯದಲ್ಲಿ ಕಟ್ಟೋಣ, ಉಳಿದರ್ಧಕ್ಕೆ ಸಾಲ ಸಾಕು," ಎಂದಳು ಅಧಿಕಾರಿಣಿಗೆ. ಅರ್ಜಿ ಬಂತು. ವಿದ್ಯಾರ್ಥಿಯ ಸಹಿ ಎಂದಲ್ಲಿ ಮಾಮ ತನ್ನ ಸುಪ್ರಸಿದ್ಧ ಸುರುಳಿ ಸಹಿ ಗೀಚಿ, ಅದರ ಕೆಳಗಿನ ಗೆರೆಯಲ್ಲೂ ಗೀಚಲು ಹೊರಟ.

"ಅಲ್ಲಿ ನೀವಲ್ಲ ಸರ್," ಅಧಿಕಾರಿಣಿ ತಡೆದರು. "ಅದು ಪೋಷಕರ ಸಹಿ. ಮೇಡಂ ಹಾಕಬೇಕು."

ಮೇಡಂ ನಿಧಾನವಾಗಿ, ಪೂರ್ತಿ ಹೆಸರು ಬರೆದಳು. "ಇವರು ಕ್ಲಾಸಿಗೆ ಚಕ್ಕರ್ ಹೊಡೆದರೆ?"

"ಹಾಜರಿ, ಅಂಕಪಟ್ಟಿ ಎರಡೂ ಕಾಲೇಜಿನಿಂದ ಪೋಷಕರ ಮೊಬೈಲಿಗೇ ಬರುತ್ತೆ ಮೇಡಂ."

ಮೊದಲ ಅಂಕಪಟ್ಟಿ ಬಂದ ದಿನ ಮುಂದಿನ ಕೋಣೆಯಲ್ಲಿ ಅಳತೆ ಕೊಡಲು ನಾಲ್ವರು ದಾದಿಯರು ಕೂತಿದ್ದರು. ಕಾಲೇಜಿನಿಂದ ಬಂದ ಮಾಮ ಚೀಲ ಅವುಚಿಕೊಂಡು ಗೋಡೆ ಸವರುತ್ತ ಒಳಗೆ ನುಸುಳುತ್ತಿದ್ದ.

"ನಿಂತ್ಕೊಳ್ಳಿ," ಎಂದಳು ಹೆಂಡತಿ, ಮೊಬೈಲಿನಿಂದ ಕಣ್ಣು ತೆಗೆಯದೆ. "ಪ್ರೋಗ್ರಾಮಿಂಗ್ ಎಂಬತ್ತೊಂದು. ಭೇಷ್. ಇದೇನಿದು, ಗಣಿತದಲ್ಲಿ ಮೂವತ್ತಾರು?"

ನಾಲ್ವರು ದಾದಿಯರೂ ಲೆಕ್ಕದ ಮಾಮನ ಮುಖ ನೋಡಿದರು.

"ಅದು..." ಮಾಮ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದ. "ಪ್ರಶ್ನೆಪತ್ರಿಕೆ ಕಷ್ಟ ಇತ್ತು."